ಬರ್ಲಿನ್ ಆರ್ಕೆಸ್ಟ್ರಾದ ಹೊಸ ತಿರುಗಾಟ

2024 ಜುಲೈ 20, ಶನಿವಾರ
ಬದಿಯಡ್ಕ

ಬೆಳಗ್ಗಿನಿಂದ ಬಿಡದೆ ಮಳೆ. ಆಟಿ ತಿಂಗಳು ಬಂತು. ಅಡಿಕೆಗೆ ಮದ್ದು ಬಿಡಬೇಕಾದವರೆಲ್ಲ ಒಂದು ಬಿಸಿಲಿಗೆ ಕಾಯುತ್ತಿದ್ದಾರೆ. ನಾನು ಮಧ್ಯಾಹ್ನ ಊಟ ಮುಗಿಸಿ, ಬರ್ಲಿನ್ ಫಿಲ್‌ಹಾರ್ಮೊನಿಕ್‌ನ 2024-25ರ ಕಚೇರಿಗಳ ಪಟ್ಟಿ ತೆರೆದು ಕೂತೆ. ಯಾವುದನ್ನು ನೇರಪ್ರಸಾರದಲ್ಲೇ ನೋಡಬೇಕು, ಯಾವುದನ್ನು ಆಮೇಲೆ ಆರಾಮವಾಗಿ ನೋಡಬಹುದು ಅಂತ ಡೈರಿಯಲ್ಲಿ ಗುರುತು ಹಾಕುತ್ತಾ ಹೋದೆ. ಇಂಟರ್ನೆಟ್ಟಿನಲ್ಲಿರುವ ಅವರ ಡಿಜಿಟಲ್ ಕನ್ಸರ್ಟ್ ಹಾಲ್‌ನಲ್ಲಿ ವರ್ಷಕ್ಕೆ 40ರಷ್ಟು ಕಚೇರಿಗಳು ನೇರವಾಗಿ ಬರುತ್ತವೆ. ಎಲ್ಲವನ್ನೂ ನೋಡಲು ಆಗುವುದಿಲ್ಲ, ಆರಿಸಲೇಬೇಕು.

ಆರ್ಕೆಸ್ಟ್ರಾದ ಸೀಸನ್ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಯಕ್ಷಗಾನ ಮೇಳದ ತಿರುಗಾಟದ ಹಾಗೆಯೇ. ನಮ್ಮ ಮೇಳಗಳು ದೀಪಾವಳಿ ಕಳೆದು ಹೊರಟರೆ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಅವರದ್ದು ಆಗಸ್ಟ್ ಕೊನೆಗೆ ಶುರುವಾಗಿ ಜೂನ್ ತನಕ. ಒಂದೇ ಮೇಳದ ಆಟವನ್ನು ವರ್ಷವಿಡೀ ನೋಡುವವರು ಇದ್ದಾರಲ್ಲ, ಅವರಿಗೆ ಭಾಗವತರ ಸ್ವರ ಇವತ್ತು ಹೇಗಿದೆ, ಚೆಂಡೆಯವರು ಯಾವ ಪದ್ಯಕ್ಕೆ ಕಾಯುತ್ತಿದ್ದಾರೆ ಅಂತ ಕೂತಲ್ಲೇ ಗೊತ್ತಾಗುತ್ತದೆ. ಆರ್ಕೆಸ್ಟ್ರಾ ಕೂಡ ಹಾಗೆ ಕೇಳಿದರೇ ನಮ್ಮದಾಗುವುದು ಅಂತ ನನ್ನ ನಂಬಿಕೆ. ಅಲ್ಲೊಂದು ತುಣುಕು, ಇಲ್ಲೊಂದು ತುಣುಕು ಮೊಬೈಲಿನಲ್ಲಿ ಕೇಳಿದರೆ ಚೆನ್ನಾಗಿದೆ ಅನ್ನಿಸಬಹುದು, ಆದರೆ ಪರಿಚಯ ಬೆಳೆಯುವುದಿಲ್ಲ. ಒಂದೇ ಆರ್ಕೆಸ್ಟ್ರಾವನ್ನು ಹಿಡಿದು ಕೂತರೆ ಓಬೋ ಎಂಬ ಊದುವ ವಾದ್ಯ ನುಡಿಸುವ ಆಲ್ಬ್ರೆಕ್ಟ್ ಮಾಯರ್ ಉಸಿರು ತೆಗೆದುಕೊಳ್ಳುವ ರೀತಿ ಕೂಡ ಗುರುತು ಸಿಗಲು ಶುರುವಾಗುತ್ತದೆ.

ಈ ಆರ್ಕೆಸ್ಟ್ರಾ ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. 1882ರಲ್ಲಿ ಬೆಂಜಮಿನ್ ಬಿಲ್ಸೆ ಎಂಬವರ ತಂಡದಿಂದ 54 ಮಂದಿ ಹೊರಗೆ ಬಂದರು. ವಾರ್ಸಾದ ಕಾರ್ಯಕ್ರಮಕ್ಕೆ ಅವರನ್ನು ರೈಲಿನ ನಾಲ್ಕನೇ ದರ್ಜೆಯಲ್ಲಿ ಕರೆದುಕೊಂಡು ಹೋಗಲು ಹೊರಟದ್ದೇ ಕಾರಣ ಅಂತ ಹೇಳುತ್ತಾರೆ. ಹೊರಗೆ ಬಂದವರು ತಮ್ಮದೇ ತಂಡ ಕಟ್ಟಿದರು. ಇವತ್ತಿಗೂ ಮುಂದೆ ನಿಂತು ಆರ್ಕೆಸ್ಟ್ರಾವನ್ನು ನಡೆಸುವ ಮುಖ್ಯ ನಿರ್ದೇಶಕರು ಯಾರಾಗಬೇಕು ಅಂತ ನುಡಿಸುವವರೇ ಮತ ಹಾಕಿ ಆರಿಸುತ್ತಾರೆ. ಈಗಿನ ಕಿರಿಲ್ ಪೆಟ್ರೆಂಕೊ ಅವರನ್ನು ಆರಿಸಿದ್ದು 2015ರಲ್ಲಿ, ಅವರು ಬಂದು ಅಧಿಕಾರ ವಹಿಸಿಕೊಂಡದ್ದು 2019ರಲ್ಲಿ. ತಮಗೆ ಬೇಕಾದವರು ಅಂತ ನಾಲ್ಕು ವರ್ಷ ಕಾದರು!

ಹೊಸ ಸೀಸನ್ ಶುರುವಾಗುವುದು ಆಗಸ್ಟ್ 23ಕ್ಕೆ, ಸಂಗೀತ ರಚನೆಕಾರ ಬ್ರುಕ್ನರ್ ಅವರ 5ನೇ ಸಿಂಫನಿಯಿಂದ (ಪೂರ್ತಿ ಆರ್ಕೆಸ್ಟ್ರಾ ನುಡಿಸಲು ಬರೆದ, ನಾಲ್ಕು ಭಾಗಗಳ ಕೃತಿ). ಈ ವರ್ಷ ಬ್ರುಕ್ನರ್ ಹುಟ್ಟಿ 200 ವರ್ಷ. ನವೆಂಬರಿನಲ್ಲಿ ಅಮೆರಿಕಕ್ಕೆ ಹೋಗುವಾಗಲೂ ಪೆಟ್ರೆಂಕೊ ಇದೇ ಸಿಂಫನಿಯನ್ನು ಒಯ್ಯುತ್ತಾರೆ. ಕೊರಿಯಾದ ಪಿಯಾನೊ ಕಲಾವಿದ ಸೊಂಗ್ ಜಿನ್ ಚೋ ಕೂಡ ಈ ಸೀಸನ್‌ನಲ್ಲಿ ಮತ್ತೆ ಮತ್ತೆ ಬರುವವರಿದ್ದಾರೆ. ಅವರಿಗೂ ಡೈರಿಯಲ್ಲಿ ಜಾಗ ಇಟ್ಟೆ. ಆದರೆ ಮನಸ್ಸೆಲ್ಲ ಬ್ರುಕ್ನರ್ ಮೇಲೆಯೇ.

ಆಸ್ಟ್ರಿಯಾದ ಒಂದು ಹಳ್ಳಿಯ ಶಾಲೆಯ ಮೇಷ್ಟ್ರ ಮಗ ಅವರು. ತಾವೂ ಮೊದಲು ಮೇಷ್ಟ್ರಾಗಿಯೇ ಇದ್ದವರು, ಆಮೇಲೆ ಇಗರ್ಜಿಯಲ್ಲಿ ಆರ್ಗನ್ ನುಡಿಸಿದರು. ಶಾಲೆಯಲ್ಲಿ ಪಾಠ ಮಾಡಿಯೇ ಆಯುಸ್ಸು ಕಳೆದ ನನಗೆ ಈ ಮನುಷ್ಯನ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿಯೇ. 5ನೇ ಸಿಂಫನಿ ಬರೆಯಲು ಕೂತದ್ದು 1875ರಲ್ಲಿ. ಅದನ್ನು ಪೂರ್ತಿ ಆರ್ಕೆಸ್ಟ್ರಾ ಮೊದಲು ನುಡಿಸಿದ್ದು 1894ರಲ್ಲಿ, ಗ್ರಾಝ್ ನಗರದಲ್ಲಿ. ಅದೂ ಶಿಷ್ಯರೊಬ್ಬರು ಅಲ್ಲಲ್ಲಿ ಕತ್ತರಿಸಿ, ವಾದ್ಯಗಳನ್ನು ಬದಲಿಸಿದ ರೂಪದಲ್ಲಿ. ಆಗ ಬ್ರುಕ್ನರ್‌ಗೆ ಹುಷಾರಿರಲಿಲ್ಲ, ಹೋಗಲು ಆಗಲಿಲ್ಲ. ಇನ್ನೆರಡು ವರ್ಷಕ್ಕೆ ತೀರಿಕೊಂಡರು. ಒಂದೂಕಾಲು ಗಂಟೆಯ ಅಷ್ಟು ದೊಡ್ಡ ಕೃತಿ ಬರೆದು, ಆರ್ಕೆಸ್ಟ್ರಾದಲ್ಲಿ ಅದು ಹೇಗೆ ಕೇಳುತ್ತದೆ ಅಂತ ತಿಳಿಯದೆಯೇ ಹೋದರು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಂಜೆ ತಮ್ಮನ ಮಗಳು ಬಂದಳು. ಪಿಟೀಲು ಕಲಿಯುತ್ತಿದ್ದಾಳೆ, ವರ್ಣಗಳು ನಡೆಯುತ್ತಿವೆ. ಹಳೆಯ ರೆಕಾರ್ಡಿಂಗ್ ಒಂದರಲ್ಲಿ ಈ ಸಿಂಫನಿಯ ಎರಡನೇ ಭಾಗ ಹಾಕಿ ತೋರಿಸಿದೆ. ಮೊದಲು ತಂತಿವಾದ್ಯದವರೆಲ್ಲ ಕಮಾನು ಬಿಟ್ಟು ಬೆರಳಿನಿಂದ ಮೀಟುತ್ತಾರೆ. ಅದರ ಮೇಲೆ ಓಬೋ ಒಂದೇ ನಿಧಾನವಾಗಿ ಹಾಡುತ್ತದೆ.

"ತಾಳ ಹಾಕಿ ನೋಡು" ಅಂದೆ.

ಹಾಕಿದಳು. ಮೀಟುವವರ ಜೊತೆ ಸರಿಯಾಗಿ ಹೋಯಿತು, ಓಬೋ ಬಂದ ಕೂಡಲೇ ಕೈ ತಡೆಯಿತು. ಮತ್ತೆ ಮೊದಲಿನಿಂದ. ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ತಟ್ಟನೆ ಮುಖ ಎತ್ತಿದಳು.

"ಅತ್ತೇ, ಕೆಳಗೆ ತಿಸ್ರ, ಮೇಲೆ ಚತುರಶ್ರ! ಎರಡೂ ಒಟ್ಟಿಗೆ ಹೋಗ್ತಾ ಉಂಟು!"

ಅದೇ ಗುಟ್ಟು. ಮೀಟುವವರದ್ದು ಮೂರು ಮೂರರ ನಡೆ, ಓಬೋದ್ದು ಎರಡೆರಡರದ್ದು. ಗತಿಭೇದ ಕಲಿತ ಮಗುವಿಗೆ ಇದನ್ನು ಹಿಡಿಯಲು ಬೇರೆ ಪಾಠ ಬೇಕಾಗಲಿಲ್ಲ. ಪಾಶ್ಚಾತ್ಯ ಸಂಗೀತ ನಮಗೆ ತಲೆಗೆ ಹೋಗುವುದಿಲ್ಲ ಅಂತ ಕೈಬಿಡುವವರಿಗೆ ನಾನು ಹೇಳುವುದು ಇಷ್ಟೇ. ಪ್ರಸಂಗ ಗೊತ್ತಿದ್ದು ಆಟಕ್ಕೆ ಹೋಗುತ್ತೇವಲ್ಲ, ಹಾಗೆ ಕೃತಿಯನ್ನು ಮೊದಲೇ ಎರಡು ಮೂರು ಸಲ ಕೇಳಿ ಕೂತುಕೊಳ್ಳಿ. ಕೊನೆಯ ಭಾಗದ ಶುರುವಿನಲ್ಲಿ ಹಿಂದಿನ ಭಾಗಗಳ ರಾಗ ಒಂದೊಂದಾಗಿ ಇಣುಕುತ್ತದೆ, ಪ್ರತಿ ಸಲವೂ ಕ್ಲಾರಿನೆಟ್ ನಡುವೆ ಬಂದು ಅದನ್ನು ನಿಲ್ಲಿಸುತ್ತದೆ. ಮೊದಲಿನದ್ದು ನೆನಪಿಲ್ಲದಿದ್ದರೆ ಅದರ ಸೊಗಸೇ ಸಿಗುವುದಿಲ್ಲ.

ಬರ್ಲಿನ್‌ನಲ್ಲಿ ಸಂಜೆ ಎಂಟಕ್ಕೆ ಶುರುವಾಗುವ ಕಚೇರಿ ಅಂದರೆ ಈಗ ನಮಗೆ ರಾತ್ರಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಆಟ ನೋಡಿ ಬೆಳಗು ಮಾಡಿದ ಊರಿಗೆ ಅದೇನು ಹೊತ್ತಲ್ಲ. ಮಳೆಗೆ ಕರೆಂಟು ಹೋಗುವುದೊಂದೇ ಹೆದರಿಕೆ. ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಿಸಬೇಕು.

23 ಶುಕ್ರವಾರ. ಹುಡುಗಿಗೆ ಅವತ್ತು ನಮ್ಮಲ್ಲೇ ಮಲಗಬೇಕಂತೆ. ಅವಳ ಅಮ್ಮನನ್ನು ನಾನೇ ಕೇಳಿ ಒಪ್ಪಿಸುತ್ತೇನೆ ಅಂದಿದ್ದೇನೆ. ಅಷ್ಟರೊಳಗೆ ಉಳಿದ ಮೂರು ಭಾಗಗಳನ್ನೂ ಅವಳ ಜೊತೆ ಕೂತು ಕೇಳಿ ಮುಗಿಸಬೇಕು. ನಾಳೆ ಮೊದಲನೆಯದ್ದು.