ಆರು ರೂಪಾಯಿಯ ಪ್ರಶ್ನೆ

ಬುಧವಾರ, 21 ಜನವರಿ 2026

ನಗರಸಭೆಯ ಆಯವ್ಯಯ ಪೂರ್ವಭಾವಿ ಸಭೆಯಿಂದ ಬಂದು ಎರಡು ಗಂಟೆಯಾಯಿತು. ಊಟವಾಯಿತು, ದೀಪ ಆರಿಸುವ ಹೊತ್ತೂ ಆಯಿತು. ಮೇಷ್ಟ್ರು ಎದ್ದು ನಿಂತು ಕೇಳಿದ ಪ್ರಶ್ನೆ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.

ಅವರು ಕೈಯಲ್ಲಿ ತಮ್ಮ ತೆರಿಗೆ ಚಲನ್ ಹಿಡಿದುಕೊಂಡಿದ್ದರು. "ನೂರು ರೂಪಾಯಿ ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಉಪಕರ 15, ಗ್ರಂಥಾಲಯ ಉಪಕರ 6, ಭಿಕ್ಷುಕರ ಉಪಕರ 3 ರೂಪಾಯಿ ಸೇರಿಸಿ ಕಟ್ಟಿಸಿಕೊಳ್ಳುತ್ತೀರಿ. ಆ ಆರು ರೂಪಾಯಿಯ ಬಗ್ಗೆ ಮಾತ್ರ ಕೇಳುತ್ತೇನೆ. ಹೋದ ವರ್ಷ ಗ್ರಂಥಾಲಯದ ಹೆಸರಿನಲ್ಲಿ ವಸೂಲಾದದ್ದು ಎಷ್ಟು, ಅದರಲ್ಲಿ ಗ್ರಂಥಾಲಯಕ್ಕೆ ಸಂದಾಯವಾದದ್ದು ಎಷ್ಟು? ನನಗೆ ಎರಡು ಅಂಕಿ ಸಾಕು." ವೇದಿಕೆಯ ಮೇಲಿದ್ದವರು ಕಡತವನ್ನು ಒಂದೆರಡು ಸಲ ತಿರುವಿ, ಮಾಹಿತಿ ಹಕ್ಕಿನಡಿ ಅರ್ಜಿ ಕೊಟ್ಟರೆ ಉತ್ತರಿಸುತ್ತೇವೆ ಎಂದರು. ಮೇಷ್ಟ್ರು ಚಲನ್ ಮಡಚಿ ಜೇಬಿನಲ್ಲಿಟ್ಟುಕೊಂಡು ಕುಳಿತರು.

ನನಗೆ ಸಂಕಟವಾದದ್ದು ಅಲ್ಲಿ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣವು ಆಯವ್ಯಯದ ಹಂಚಿಕೆಯನ್ನೂ ಹಣ ಬಟವಾಡೆಯ ವರದಿಗಳನ್ನೂ ಯಾರೂ ಕೇಳದಿದ್ದರೂ ಕಚೇರಿಯೇ ಪ್ರಕಟಿಸಬೇಕೆಂದು ಹೇಳುತ್ತದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮೂವತ್ತು ದಿನ ಕಾಯುವುದು, ಹಾಗೆ ಪ್ರಕಟವಾಗದೆ ಉಳಿದ ಮಾಹಿತಿಗಾಗಿ ಇರುವ ದಾರಿ. ತುಂಬಿದ ಸಭೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೇಳಿದ ಸರಳ ಲೆಕ್ಕಕ್ಕೆ ಅದೇ ದಾರಿಯನ್ನು ತೋರಿಸಿ ಮಾತು ಮುಗಿಸಿದರೆ, ಜನರನ್ನು ಸಭೆಗೆ ಕರೆದದ್ದಾದರೂ ಯಾತಕ್ಕೆ?

ಉಳಿದ ಮಾತುಗಳು ಬೇಗ ಮುಗಿದವು. ಹೊಸ ಬಡಾವಣೆಯ ಹೆಣ್ಣುಮಗಳೊಬ್ಬರು, ತಮ್ಮ ಬೀದಿಗೆ ಇನ್ನೂ ಚರಂಡಿಯೇ ಬಂದಿಲ್ಲ, ತೆರಿಗೆಯನ್ನಂತೂ ಐದು ವರ್ಷದಿಂದ ಏಪ್ರಿಲ್‌ನಲ್ಲೇ, ಶೇ 5ರ ರಿಯಾಯಿತಿ ಇರುವಾಗಲೇ, ಕಟ್ಟುತ್ತಿದ್ದೇವೆ ಎಂದರು. ಖರ್ಚೆಲ್ಲ ಪೇಟೆಯ ರಸ್ತೆಗಳಿಗೇ ಆಗುತ್ತಿದೆಯೆಂಬುದು ಅವರ ದೂರು. ಪೇಟೆಯವರಿಗೆ ಅದು ನಾಟಿತು. ಅವರಲ್ಲಿ ಚಿಕ್ಕಪ್ಪನೂ ಇದ್ದರು. ಸಭೆಯಲ್ಲಿ ಅವರು ಏನೂ ಹೇಳಲಿಲ್ಲ, ದಾರಿಯಲ್ಲಿ ನನಗೆ ಹೇಳಿದರು.

"ಅಲ್ಲಮ್ಮ, ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆಯ ಮೇಲೆ ತೆರಿಗೆ ಹಾಕುತ್ತಾರೆ. ನಮ್ಮ ಕಟ್ಟಡ ಹಳೆಯದು, ಅದಕ್ಕೆ ಸವಕಳಿ ಕಳೆಯುತ್ತಾರೆ, ಸರಿ. ನೆಲಕ್ಕೆ ಸವಕಳಿ ಎಲ್ಲಿದೆ? ಮಾರಿದರೆ ಬರುವ ಬೆಲೆ ಅದು, ನಾನು ಮಾರುವವನಲ್ಲ. ಅಂಗಡಿಯಲ್ಲಿ ವ್ಯಾಪಾರ ಅರ್ಧಕ್ಕಿಳಿದಿದೆ, ಮುಂದಿನ ರಸ್ತೆಯ ಬೆಲೆ ಮಾತ್ರ ಏರುತ್ತಲೇ ಇದೆ."

ನಾನು ತಕ್ಷಣ ಉತ್ತರ ಕೊಡಲಿಲ್ಲ. ನೆಲದ ಬೆಲೆ ಏರುವುದು ಊರೆಲ್ಲರ ಹಣದಿಂದಾದ ರಸ್ತೆ, ದೀಪ, ನೀರಿನಿಂದಲೂ ಹೌದು. ಆದ್ದರಿಂದ ಬೆಲೆಯ ಒಂದು ಪಾಲನ್ನು ಊರು ಕೇಳುವುದು ನ್ಯಾಯವೆಂದೇ ನಾನು ನಂಬಿದ್ದೇನೆ. ನಗರಸಭೆಗೆ ತನ್ನದೆಂದು ಹೇಳಿಕೊಳ್ಳುವ ಮುಖ್ಯ ವರಮಾನವೂ ಇದೇ. ಅದು ಸೊರಗಿದರೆ ಪ್ರತಿಯೊಂದು ಕೆಲಸಕ್ಕೂ ಸರ್ಕಾರದ ಅನುದಾನದ ದಾರಿ ಕಾಯಬೇಕು. ಇದನ್ನೆಲ್ಲ ಹೇಳಿದೆ. ಚಿಕ್ಕಪ್ಪ ಸ್ವಲ್ಪ ದೂರ ಸುಮ್ಮನೆ ನಡೆದು, "ಕೊಡಬಾರದು ಎಂದು ನಾನೆಲ್ಲಿ ಹೇಳಿದೆ? ವರ್ಷ ವರ್ಷವೂ ಶೇ 3ರಿಂದ 5ರವರೆಗೆ ಏರಿಸುವುದಕ್ಕೆ ಕಾನೂನಿದೆಯಂತೆ. ಹಾಗೆಯೇ ವರ್ಷ ವರ್ಷವೂ ನಮ್ಮ ಬೀದಿಯಿಂದ ಎಷ್ಟು ಬಂತು, ನಮ್ಮ ಬೀದಿಗೆ ಎಷ್ಟು ಹೋಯಿತು ಎಂದು ಒಂದು ಹಲಗೆಯ ಮೇಲೆ ಬರೆದು ತೂಗುಹಾಕಲಿ. ಆ ಹೆಣ್ಣುಮಗಳು ನಮ್ಮನ್ನು ದೂರುವುದೂ ನಿಲ್ಲುತ್ತದೆ" ಎಂದರು.

ಅದು ನನಗೆ ಹೊಳೆದಿರಲಿಲ್ಲ. ಬಡಾವಣೆಯವರು ಪೇಟೆಯವರನ್ನು ಶಂಕಿಸುವುದಕ್ಕೂ, ಪೇಟೆಯವರು ತಾವೇ ಊರನ್ನು ಹೊತ್ತಿದ್ದೇವೆಂದು ನೊಂದುಕೊಳ್ಳುವುದಕ್ಕೂ ಕಾರಣ, ಇಬ್ಬರ ಮುಂದೆಯೂ ಲೆಕ್ಕವಿಲ್ಲದಿರುವುದು.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು, ವಾರ್ಡಿನ ಮಟ್ಟದಲ್ಲೇ ಊರಿನ ಆಡಳಿತದ ಮಾತು ನಡೆಯಬೇಕಾದ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ನಮ್ಮೂರು ಆ ಗಡಿಯ ಕೆಳಗಿದೆ. ಹಾಗಾಗಿ ವರ್ಷದಲ್ಲಿ ಒಂದೆರಡು ಸಲ ನಡೆಯುವ ಈ ಸಭೆಯನ್ನು ಬಿಟ್ಟರೆ ಮೇಷ್ಟ್ರು ತಮ್ಮ ಚಲನ್ ಹಿಡಿದು ನಿಲ್ಲಲು ನಮಗೆ ಬೇರೆ ಜಾಗವಿಲ್ಲ, ಅಲ್ಲಿಯೂ ಅವರನ್ನು ಕೂರಿಸಿಬಿಟ್ಟರು.

ಈಗ ಅರ್ಜಿ ಬರೆಯಲು ಕುಳಿತಿದ್ದೇನೆ. ಎರಡು ಸಾಲು ಬರೆದು ನಿಲ್ಲಿಸಿದೆ. ಗ್ರಂಥಾಲಯ ಉಪಕರದ ಒಂದು ವರ್ಷದ ಲೆಕ್ಕ ಕೇಳಬೇಕೋ, ಐದು ವರ್ಷದ್ದೋ. ಬೀದಿವಾರು ಜಮಾ ಖರ್ಚನ್ನೂ ಇದರಲ್ಲೇ ಸೇರಿಸಬೇಕೋ, ಚಿಕ್ಕಪ್ಪನ ಹೆಸರಿನಲ್ಲಿ ಬೇರೆ ಅರ್ಜಿ ಹಾಕಬೇಕೋ ತಿಳಿಯುತ್ತಿಲ್ಲ. ಬೆಳಿಗ್ಗೆ ಮೇಷ್ಟ್ರನ್ನೇ ಕೇಳಬೇಕು. ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಅವರು ಮೆಟ್ಟಿಲ ಮೇಲೆ ಬಂದು ಕುಳಿತಿರುತ್ತಾರೆ.