ಬಲದಿಂದ ಎಡಕ್ಕೆ ಬರೆದ ಸಹಿ

ಈ ಸಲದ ಸಂಚಿಕೆ ಮಾಸ್ತರರ ನೆನಪಿಗೆ ಮೀಸಲು, ನೀವೂ ನಾಲ್ಕು ಮಾತು ಬರೆದುಕೊಡಬೇಕು ಎಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದ್ದರು. ಯಾವ ಮಾಸ್ತರರು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ಹೈಸ್ಕೂಲಿಗೆ ಇಂಗ್ಲಿಷ್ ಸರ್ ಬಂದರು, ವಿಜ್ಞಾನದ ಸರ್ ಬಂದರು, ಡ್ರಿಲ್ ಸರ್ ಬಂದರು. ಬರೀ ಮಾಸ್ತರರು ಎಂದರೆ ಯಲಬುರ್ಗಾ ತಾಲ್ಲೂಕಿನ ಈ ಮೂಲೆಯಲ್ಲಿ ಮೂರು ತಲೆಮಾರಿಗೂ ಅವರೊಬ್ಬರೇ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1980ರಲ್ಲಿ. ಮಾಸ್ತರರು ನಮಗೆ ಸಮಾಜ ಹೇಳುತ್ತಿದ್ದರು. ಗಣಿತಕ್ಕೆ ಶಿಕ್ಷಕರು ಬಾರದ ವರ್ಷ ಗಣಿತವನ್ನೂ ಅವರೇ ಹೇಳಿದರು. ಬಿಳಿ ಧೋತರ, ತೋಳು ಮಡಚಿದ ಅಂಗಿ, ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಬಿಟ್ಟ ಖಾದಿ ಚೀಲ. ಒಂಬತ್ತನೆಯ ತರಗತಿಯ ಸಮಾಜ ಪುಸ್ತಕದಲ್ಲಿ ಏನಿತ್ತು ಎಂದು ಈಗ ಯಾರಾದರೂ ಕೇಳಿದರೆ ಒಂದು ಪಾಠದ ಹೆಸರೂ ಬಾಯಿಗೆ ಬರುವುದಿಲ್ಲ. ಅವರು ನಮ್ಮನ್ನು ಕೊಪ್ಪಳದ ಗವಿಮಠದ ಗುಡ್ಡ ಹತ್ತಿಸಿ ಅಶೋಕನ ಶಾಸನ ತೋರಿಸಿದ ದಿನ ಮಾತ್ರ ನೆನ್ನೆ ಮೊನ್ನೆಯಂತಿದೆ. ಛತ್ರಿಯ ಹಾಗೆ ಬಾಗಿದ ಬಂಡೆಯ ಕೆಳಗೆ ನಾವು ಕುತ್ತಿಗೆ ಚಾಚಿ ನಿಂತಿದ್ದೆವು. ಅಕ್ಷರ ಬ್ರಾಹ್ಮಿ, ಭಾಷೆ ಪ್ರಾಕೃತ, ಬೆಳಕಿಗೆ ಬಂದದ್ದು 1931ರಲ್ಲಿ ಎಂದು ಹೇಳಿ ಮಾಸ್ತರರು ಕೇಳಿದರು: "ಇದನ್ನು ಬರೆಸಿ ಎರಡು ಸಾವಿರ ವರ್ಷದ ಮೇಲಾಯಿತು. ಅಷ್ಟು ವರ್ಷ ಇದರ ಬುಡದಲ್ಲೇ ಕುರಿ ಕಾದವರು ಇದನ್ನು ಏನೆಂದುಕೊಂಡಿದ್ದರು?" ಯಾರಿಗೂ ಉತ್ತರ ಹೊಳೆಯಲಿಲ್ಲ. ಅವರೇ ಹೇಳಿದರು: "ಬಂಡೆಯ ಮೇಲಿನ ಗೀರು ಎಂದುಕೊಂಡಿದ್ದರು. ಓದಲು ಬಾರದವನಿಗೆ ಎಲ್ಲ ಬರಹವೂ ಗೀರೇ."

ಆ ಮಾತು ನನಗೆ ನಾಟಿತು. ಅಂಥ ಗೀರು ನಮ್ಮ ಮನೆಯಲ್ಲಿಯೇ ಇತ್ತು.

ನಮ್ಮಜ್ಜ ಹುಟ್ಟಿದ್ದು 1916ರಲ್ಲಿ. ಆಗ ಕೊಪ್ಪಳ, ಯಲಬುರ್ಗಾ ಎರಡೂ ಹೈದರಾಬಾದ್ ಸಂಸ್ಥಾನದೊಳಗೆ ಸಾಲಾರ್‌ಜಂಗ್ ನವಾಬರ ಜಹಗೀರು. ಕಚೇರಿ, ಕೋರ್ಟು, ಠಾಣೆ ಎಲ್ಲವೂ ಉರ್ದುವಿನಲ್ಲಿ. ಅಜ್ಜ ಕಲಿತದ್ದು ನಾಲ್ಕು ಇಯತ್ತೆ, ಅದೂ ಉರ್ದು. ಮನೆಯಲ್ಲಿ ಆಡುವುದು ಕನ್ನಡ, ಭಜನೆಯಲ್ಲಿ ಹಾಡುವುದು ವಚನ, ಕಾಗದದ ಮೇಲೆ ಕೈ ಇಟ್ಟರೆ ಮಾತ್ರ ಉರ್ದು. ಅಪ್ಪನಿಗೆ ಮುನಿರಾಬಾದಿನ ಕಾಲುವೆ ಕಚೇರಿಯಲ್ಲಿ ಕೆಲಸ. ಶನಿವಾರ ಸಂಜೆ ಮೀಟರ್‌ಗೇಜ್ ಗಾಡಿಯಲ್ಲಿ ಭಾಣಾಪುರಕ್ಕೆ ಬಂದು ಇಳಿದು, ಸೋಮವಾರ ನಸುಕಿನಲ್ಲಿ ಹೋಗಿಬಿಡುತ್ತಿದ್ದರು. ಹೀಗಾಗಿ ಶಾಲೆಯ ಯಾವ ಕಾಗದಕ್ಕೆ ಸಹಿ ಬೇಕಾದರೂ ಅಜ್ಜನೇ ಗತಿ. ಅವನು ಲೇಖಣಿ ಹಿಡಿದು ಬಲಗಡೆಯಿಂದ ಎಡಕ್ಕೆ ಬರೆಯುವುದನ್ನು ಕಂಡು ಓರಗೆಯ ಹುಡುಗರು ನಗುತ್ತಿದ್ದರು. ಅವರ ಜೊತೆ ನಾನೂ ನಕ್ಕಿದ್ದೇನೆ. ನನ್ನ ಅಜ್ಜನಿಗೆ ಓದು ಬಾರದು ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ.

1978ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಗಣಿತದಲ್ಲಿ ನೂರಕ್ಕೆ 19 ಬಂತು. ಪ್ರಗತಿ ಪತ್ರದಲ್ಲಿ ಅದರ ಕೆಳಗೆ ಕೆಂಪು ಗೆರೆ. ಅಪ್ಪ ಶನಿವಾರ ಬರುವವರಿದ್ದರು, ನಾನು ಗುರುವಾರವೇ ಅಜ್ಜನ ಬಳಿ ಹೋದೆ. ಅವನು ಕಟ್ಟೆಯ ಮೇಲೆ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. "ಅಜ್ಜಾ, ಸರ್ಕಾರದವರು ಸ್ಕಾಲರ್‌ಶಿಪ್ ಕೊಡುತ್ತಾರಂತೆ, ಇಲ್ಲೊಂದು ಸಹಿ ಹಾಕು" ಎಂದೆ. ಅವನು ಹಗ್ಗವನ್ನು ಕಾಲಬೆರಳಿಗೆ ಸಿಕ್ಕಿಸಿಟ್ಟು, ಕೈ ಒರೆಸಿಕೊಂಡು, ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದ. ಬಹಳ ಹೊತ್ತು ಬರೆದ. ಹೆಸರು ಇಷ್ಟು ಉದ್ದ ಇದೆಯೇ ಎಂದು ನನಗೆ ಅನಿಸಿತು, ಆದರೆ ಕೇಳಲಿಲ್ಲ. ಸಹಿ ಬಿತ್ತಲ್ಲ ಎಂಬ ಸಂತೋಷದಲ್ಲಿ ಓಡಿದೆ.

ಮರುದಿನ ಮಾಸ್ತರರು ಒಬ್ಬೊಬ್ಬರ ಪತ್ರ ನೋಡುತ್ತ ಬಂದರು. ನನ್ನದು ಕೈಗೆ ಸಿಕ್ಕಾಗ ಕನ್ನಡಕವನ್ನು ಹಣೆಗೆ ಏರಿಸಿದರು, ಮತ್ತೆ ಇಳಿಸಿದರು. ತುಟಿ ಅಲ್ಲಾಡಿತು. ಆಮೇಲೆ ಜೋರಾಗಿ ಕನ್ನಡದಲ್ಲಿ ಹೇಳಿದರು: "ಹುಡುಗ ಇದನ್ನು ಸ್ಕಾಲರ್‌ಶಿಪ್ಪಿನ ಕಾಗದ ಎನ್ನುತ್ತಾನೆ. ಅಕ್ಷರ ತಿಳಿಯದಿದ್ದರೂ ನನಗೆ ಅಂಕಿ ತಿಳಿಯುತ್ತದೆ. ಹೊಡೆಯಬೇಡಿ, ಲೆಕ್ಕ ಕಲಿಸಿ."

ಇಡೀ ತರಗತಿ ಗೊಳ್ಳೆಂದಿತು. ನನಗೆ ಕಿವಿಯವರೆಗೂ ಬಿಸಿಯೇರಿತ್ತು. ಮಾಸ್ತರರೂ ಸಂಸ್ಥಾನದ ಕಾಲದಲ್ಲಿ ಉರ್ದುವಿನಲ್ಲಿ ಮಿಡ್ಲ್ ಪಾಸಾದವರು ಎಂಬುದು ಆವತ್ತಿನವರೆಗೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ತಲೆಯ ಮೇಲಿಂದ ಹಿರಿಯರಿಬ್ಬರು ಮಾತಾಡಿಕೊಂಡಿದ್ದರು.

ಅವರು ಹೊಡೆಯಲಿಲ್ಲ. ಸಂಜೆ ಸೈಕಲ್ ತಳ್ಳಿಕೊಂಡು ನನ್ನ ಹಿಂದೆಯೇ ಮನೆಗೆ ಬಂದರು. ಅವ್ವ ಗಡಿಬಿಡಿಯಿಂದ ಕಂಬಳಿ ಹಾಸಿ ಚಹಾ ಇಟ್ಟಳು. ಅಜ್ಜ ಮತ್ತು ಮಾಸ್ತರರು ಉರ್ದುವಿನಲ್ಲಿ ಶುರು ಮಾಡಿ, ಕನ್ನಡಕ್ಕೆ ಹೊರಳಿ, ಮತ್ತೆ ಉರ್ದುವಿಗೆ ಹೋಗಿ ದೀಪ ಹಚ್ಚುವವರೆಗೂ ಮಾತಾಡಿದರು. ಅಜ್ಜ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹೊರಡುವಾಗ ಮಾಸ್ತರರು ಚೀಲದಿಂದ ಇನ್ನೂರು ಪುಟದ ಒಂದು ನೋಟುಬುಕ್ ತೆಗೆದು ನನ್ನ ಕೈಗಿಟ್ಟರು. "ದಿನಾ ರಾತ್ರಿ ಅಜ್ಜ ಹೇಳಿದ್ದನ್ನು ಬರೆದುಕೊ. ಸೋಮವಾರ ನನಗೆ ತೋರಿಸು. ಒಂದು ಮಾತೂ ಕೈಯಿಂದ ಸೇರಿಸಬೇಡ. ಇವರು ಹೇಳುವ ಲೆಕ್ಕವನ್ನೂ ಬಿಡಬೇಡ."

ಲೆಕ್ಕದಿಂದಲೇ ಆರಂಭವಾಯಿತು. ಸಂಸ್ಥಾನದ ರೂಪಾಯಿಗೆ ಹಾಲಿ ಸಿಕ್ಕಾ ಎಂದು ಹೆಸರು, ಬ್ರಿಟಿಷರ ರೂಪಾಯಿ ಕಲ್ದಾರ್. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. ನಮ್ಮೂರಿನಿಂದ ಪಶ್ಚಿಮಕ್ಕೆ ಗಜೇಂದ್ರಗಡ, ಅದು ಆಗ ಮುಂಬೈ ಪ್ರಾಂತ. ಅಲ್ಲಿಯ ಸಂತೆಗೆ ಶೇಂಗಾ ಒಯ್ದರೆ ದುಡ್ಡು ಕಲ್ದಾರಿನಲ್ಲಿ, ಊರಲ್ಲಿ ಸಾಲ ತೀರಿಸುವುದು ಹಾಲಿಯಲ್ಲಿ, ನಡುವೆ ಕರೋಡಗಿರಿಯ ನಾಕಾದವರಿಗೆ ಸುಂಕ. ಕಲ್ದಾರ್ ನಾಣ್ಯದ ಮೇಲಿನ ಇಂಗ್ಲಿಷ್ ಅಂಕಿಗಳನ್ನು ನೋಡಿ ನೋಡಿಯೇ ಅವನಿಗೆ ನನ್ನ 19 ತಿಳಿದಿತ್ತು. "42 ಕಲ್ದಾರ್ ಬಂತು, ಸಾಹುಕಾರನಿಗೆ ಎಷ್ಟು ಹಾಲಿ ಎಣಿಸಬೇಕು?" ಎಂದು ಕೇಳಿ, ನಾನು ಪಾಟಿಯ ಮೇಲೆ ಗೀಚುವಷ್ಟರಲ್ಲಿ "49" ಎನ್ನುತ್ತಿದ್ದ. ತ್ರೈರಾಶಿ ಎಂದರೆ ಏನೆಂದು ಪುಸ್ತಕದಲ್ಲಿ ತಿಳಿಯದವನಿಗೆ ನಮ್ಮ ಕಟ್ಟೆಯ ಮೇಲೆ ತಿಳಿಯಿತು. ವರ್ಷದ ಕೊನೆಗೆ ಗಣಿತದಲ್ಲಿ 61 ಪಡೆದೆ. ಎಸ್ಸೆಸ್ಸೆಲ್ಸಿಯಲ್ಲಿ 84. ನಮ್ಮ ತಂಡದಲ್ಲಿ ಅದೇ ಹೆಚ್ಚು ಎಂಬುದನ್ನು ಇಲ್ಲಿ ಬರೆದರೆ ತಪ್ಪಾಗಲಾರದು.

ನೋಟುಬುಕ್ಕಿನಲ್ಲಿ ಹೆಚ್ಚು ಪುಟ ತುಂಬಿದ್ದು 1948ರ ಮಳೆಗಾಲ. ಸಂಸ್ಥಾನ ಭಾರತಕ್ಕೆ ಸೇರಬಾರದೆಂದು ನಿಜಾಮನ ಪರ ನಿಂತ ರಜಾಕಾರರ ಹಾವಳಿ ಹಳ್ಳಿಗಳಿಗೆ ಬಂದಾಗ ಗಡಿಯಾಚೆ ಗಜೇಂದ್ರಗಡದಲ್ಲಿ, ಮುಂಡರಗಿಯಲ್ಲಿ ಹೋರಾಟದ ಶಿಬಿರಗಳಿದ್ದವು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರನ್ನು ಅಜ್ಜ ಕೈ ಮುಗಿಯದೆ ಹೇಳುತ್ತಿರಲಿಲ್ಲ. ನಮ್ಮ ಮನೆಯವರು ಹೋರಾಟಗಾರರಲ್ಲ, ಜೀವ ಉಳಿಸಿಕೊಳ್ಳಲು ಹೊರಟವರು. ಒಂದು ರಾತ್ರಿ ಎಂಟು ವರ್ಷದ ನಮ್ಮಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಜ್ಜ ನಡೆದ. ಅಮ್ಮ, ನಮ್ಮಲ್ಲಿ ಅಜ್ಜಿಗೆ ಅಮ್ಮ ಎನ್ನುತ್ತೇವೆ, ತಲೆಯ ಮೇಲೆ ರೊಟ್ಟಿಯ ಹಂಚು ಹೊತ್ತಿದ್ದಳು. ಬಂಗಾರ ಇದ್ದದ್ದೇ ಎರಡು ಗುಂಡು, ಅದನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಹಂಚು ಏಕೆ ಎಂದು ಕೇಳಿದ್ದಕ್ಕೆ ಅಮ್ಮ ಒಳಗಿನಿಂದಲೇ ಹೇಳಿದಳು: "ಹೋದ ಊರಲ್ಲಿ ಯಾರಾದರೂ ಹಿಟ್ಟು ಕೊಟ್ಟಾರು, ಹಂಚು ಯಾರು ಕೊಡುತ್ತಾರೆ?" ಆ ಮಾತನ್ನು ನೋಟುಬುಕ್ಕಿನಲ್ಲಿ ನೋಡಿ ಮಾಸ್ತರರು ಅಂಚಿನಲ್ಲಿ ಬರೆದರು: "ಅಜ್ಜಿಯನ್ನೂ ಕೇಳು. ಪುಸ್ತಕಗಳಲ್ಲಿ ಹಂಚಿನ ಮಾತು ಬರುವುದಿಲ್ಲ."

ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಶರಣಾಯಿತು. ಮಹಾನವಮಿಯ ಹೊತ್ತಿಗೆ ಇವರು ಊರಿಗೆ ಮರಳಿದರು. ಮನೆ ಬಾಗಿಲಿಗೆ ಬಾಗಿಲೇ ಇರಲಿಲ್ಲ. ಹಗೇವು ಮಾತ್ರ ಮುಚ್ಚಿದ ಹಾಗೆಯೇ ಇತ್ತು. ಈಗಿನ ಮಕ್ಕಳಿಗೆ ಹಗೇವು ಗೊತ್ತಿಲ್ಲ. ನೆಲದೊಳಗೆ ಆಳುದ್ದ ತೋಡಿ, ಸುತ್ತ ಜೋಳದ ದಂಟು ಹೊದಿಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಇಟ್ಟು ಮಣ್ಣು ಮೆತ್ತುತ್ತಿದ್ದರು. ತೆರೆದ ತಕ್ಷಣ ಇಳಿಯುವಂತಿಲ್ಲ, ಒಳಗಿನ ಗಾಳಿ ಪ್ರಾಣ ತೆಗೆಯುತ್ತದೆ. ಮನೆಯ ಮಕ್ಕಳೆಲ್ಲ ಹಸಿದು ಸುತ್ತ ನಿಂತಿದ್ದಾರೆ. ಅಜ್ಜ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಆರಿತು. ಕಲ್ಲು ಸರಿಸಿಟ್ಟು ಒಂದು ಹಗಲು ಕಾದರು. ಮತ್ತೆ ಇಳಿಬಿಟ್ಟ, ಮತ್ತೆ ಆರಿತು. ಮೂರನೆಯ ಸಲ ಕಂದೀಲು ಉರಿಯುತ್ತ ತಳ ಮುಟ್ಟಿತು. ಮೇಲಿನ ಜೋಳ ಮಳೆಯ ತೇವಕ್ಕೆ ಕಪ್ಪಾಗಿ ಗಟ್ಟಿಕಟ್ಟಿತ್ತು, ನಡುವಿನದು ಚೆನ್ನಾಗಿತ್ತು. ಆ ರಾತ್ರಿ ಅಮ್ಮ ಅದೇ ಹಂಚಿನ ಮೇಲೆ ರೊಟ್ಟಿ ಬಡಿದಳು. ಎಷ್ಟು ರೊಟ್ಟಿ ಎಂದು ನಾನು ಕೇಳಿ ಬರೆದುಕೊಂಡೆ: 31.

ನಮ್ಮ ಎತ್ತುಗಳನ್ನು ಅಷ್ಟು ದಿನ ಮೇಯಿಸಿ ಕಾಪಾಡಿದವರು ಪಿಂಜಾರರ, ಅಂದರೆ ಹತ್ತಿ ಹಿಂಜುವ ಮುಸ್ಲಿಮರ ಮನೆಯವರು. ನಾವು ಬಂದಾಗ ಹೆದರುವ ಸರದಿ ಅವರದಾಗಿತ್ತು. ಅಜ್ಜ ಒಂದು ತಿಂಗಳು ರಾತ್ರಿ ಅವರ ಕಟ್ಟೆಯ ಮೇಲೆ ಕೋಲು ಪಕ್ಕಕ್ಕಿಟ್ಟುಕೊಂಡು ಮಲಗಿದ. ಅದನ್ನು ಅವನು ಹೇಳಲಿಲ್ಲ. ಮುಂದಿನ ಸೋಮವಾರ ನೋಟುಬುಕ್ ನೋಡಿ "ಇದೊಂದು ಬಿಟ್ಟಿದ್ದಾರೆ, ಬರೆದುಕೊ" ಎಂದು ಮಾಸ್ತರರು ಹೇಳಿದರು. ಅವರಿಗೆ ಪಿಂಜಾರರ ಓಣಿಯ ಹಿರಿಯರು ಹೇಳಿದ್ದರಂತೆ.

ನಾನು ಒಮ್ಮೆ ಅಜ್ಜನನ್ನು ಕೇಳಿದೆ, ಅಷ್ಟೆಲ್ಲ ಹೆದರಿ ಊರು ಬಿಟ್ಟವನು ಇನ್ನೂ ಉರ್ದುವಿನಲ್ಲಿ ಏಕೆ ಸಹಿ ಮಾಡುತ್ತೀಯ ಎಂದು. "ಓಡಿಸಿದವರು ಮನುಷ್ಯರು. ಅಕ್ಷರ ನನಗೇನು ಮಾಡಿದೆ?" ಎಂದ. ಆ ಬೇಸಿಗೆಯಲ್ಲಿ ಅವನೇ ನನಗೆ ಅಲಿಫ್, ಬೇ ತಿದ್ದಿಸಿದ.

ಮುಂದೆ ನಾನು ಕಂದಾಯ ಇಲಾಖೆಗೆ ಸೇರಿದೆ. ಈ ಭಾಗದ ಹಳೆಯ ಜಮೀನು ದಾಖಲೆಗಳೆಲ್ಲ ಉರ್ದುವಿನಲ್ಲಿವೆ, ತಾರೀಖು ಸಂಸ್ಥಾನದ ಕಾಲದ ಕಂದಾಯ ವರ್ಷವಾದ ಫಸಲಿಯಲ್ಲಿದೆ. ಫಸಲಿ 1350 ಎಂದಿದ್ದರೆ 590 ಕೂಡಿಸಿ 1940 ಎಂದು ತಿಳಿಯಬೇಕು. ಮೂರು ತಾಲ್ಲೂಕು ಕಚೇರಿಗಳಲ್ಲಿ ಆ ಕಡತಗಳನ್ನು ಓದಬಲ್ಲವನು ನಾನೊಬ್ಬನೇ ಇದ್ದೆ. ಹಿರಿಯ ಅಧಿಕಾರಿಗಳೂ ಕಡತ ಹಿಡಿದು ನನ್ನ ಮೇಜಿನ ಬಳಿಗೆ ಬರುತ್ತಿದ್ದರು. ಒಬ್ಬ ವಿಧವೆಗೆ ಅವಳ ಮಾವನ ಹೆಸರಿನ ನಾಲ್ಕು ಎಕರೆ ತಿರುಗಿ ಸಿಕ್ಕಿದ್ದು ನಾನು ಓದಿದ ಒಂದು ಸಾಲಿನಿಂದ. 38 ವರ್ಷದ ನೌಕರಿಯಲ್ಲಿ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವ ಕೆಲಸ ಅದು, ಅದರ ಪುಣ್ಯ ಇಬ್ಬರು ಮುದುಕರದು.

ಹೋದ ವರ್ಷ ಮೊಮ್ಮಗನಿಗೆ ಶಾಲೆಯಲ್ಲಿ "ನನ್ನ ವಂಶವೃಕ್ಷ" ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ಹಂಚಿನ ಕಥೆ, ಹಗೇವಿನ ಕಥೆ ಎಲ್ಲ ಹೇಳಲು ನಾನು ಸಿದ್ಧನಾಗಿ ಕುಳಿತಿದ್ದೆ. ಸ್ಟೇಷನರಿ ಅಂಗಡಿಯಲ್ಲಿ ಅಚ್ಚು ಹಾಕಿದ ಮರವೇ ಸಿಗುತ್ತದೆ, ಹೆಸರು ತುಂಬಿ ಫೋಟೋ ಅಂಟಿಸಿದರೆ ಮುಗಿಯಿತು. ಹತ್ತಕ್ಕೆ ಹತ್ತು ಅಂಕ ಬಂತು. ಪಾಲಕರ ಸಹಿಯೂ ಈಗ ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಆದಂತೆ. ಮಕ್ಕಳು ನಮಗಿಂತ ಜಾಣರು, ಶಿಕ್ಷಕರೂ ಕಷ್ಟಪಡುತ್ತಾರೆ, ಅದನ್ನು ಒಪ್ಪುತ್ತೇನೆ. ಆದರೆ ಶಿಕ್ಷಕರು ಮನೆಯ ಕಟ್ಟೆಗೆ ಬರುವುದು ನಿಂತುಹೋಯಿತು. ಗುಂಡಿ ಒತ್ತುವವರು ಅದರ ಕೆಳಗೆ "ಹೊಡೆಯಬೇಡಿ, ಕಲಿಸಿ" ಎಂದು ಬರೆಯಲು ಜಾಗವೇ ಇಲ್ಲ. ನಮ್ಮ ಶಾಲೆಯಲ್ಲಾದರೂ ವರ್ಷಕ್ಕೊಂದು ನೋಟುಬುಕ್ ಇದಕ್ಕೆಂದು ಕೊಡಿಸಬಾರದೇ? ಅದರ ಖರ್ಚು ನಾನು ಕೊಡುತ್ತೇನೆ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ, ಇಲ್ಲಿಯೂ ಬರೆದಿಡುತ್ತೇನೆ.

ಮಾಸ್ತರರನ್ನು ಕೊನೆಯ ಸಲ ನೋಡಿದ್ದು 2024ರಲ್ಲಿ, ನಮ್ಮ ತಂಡದವರು ಗುರುವಂದನೆ ಇಟ್ಟುಕೊಂಡಾಗ. ಅವರಿಗೆ ತೊಂಬತ್ಮೂರು. ಇಬ್ಬರು ಹಿಡಿದು ವೇದಿಕೆಗೆ ಕರೆತಂದರು. ಕಣ್ಣು ಮಂಜಾಗಿತ್ತು, ನೆನಪು ಅಲ್ಲಲ್ಲಿ ಹರಿದಿತ್ತು. ಒಬ್ಬೊಬ್ಬರೂ ಹೆಸರು ಹೇಳಿ ಕಾಲಿಗೆ ಬೀಳುತ್ತಿದ್ದೆವು, ಅವರು ಎಲ್ಲರಿಗೂ ಒಂದೇ ರೀತಿ ತಲೆಯಾಡಿಸುತ್ತಿದ್ದರು. ನನ್ನ ಸರದಿ ಬಂದಾಗ ಹೆಸರು ಹೇಳಿದೆ, ಗುರುತು ಹತ್ತಲಿಲ್ಲ. ಕಿವಿಯ ಹತ್ತಿರ ಬಾಗಿ "ಸರ್, ಹತ್ತೊಂಬತ್ತು" ಎಂದೆ.

ಅವರ ಕೈ ನನ್ನ ಹೆಗಲು ಹುಡುಕಿತು.

"ಏಳು ಹಾಲಿಗೆ?"

"ಆರು ಕಲ್ದಾರ್, ಸರ್."

"ಮೂವತ್ತೈದಕ್ಕೆ?"

"ಮೂವತ್ತು."

"ಸರಿಯಾಗಿದೆ. ಮನೆಗೆ ಹೋಗಿ ನಿಮ್ಮ ಅಜ್ಜನಿಗೆ ಹೇಳು, ನಾನು ಹೊಡೆಯಲಿಲ್ಲ ಎಂದು."

ಅಜ್ಜ ತೀರಿಕೊಂಡು ಆಗಲೇ ಮೂವತ್ತನಾಲ್ಕು ವರ್ಷವಾಗಿತ್ತು. "ಹೇಳುತ್ತೇನೆ ಸರ್" ಎಂದೆ.