ಮನೆಯೊಳಗಿನ ಆಟಕ್ಕೆ ಹೊರಗಿನ ಅಪ್ಪಣೆ

2024ರ ಜುಲೈ ತಿಂಗಳಿನಲ್ಲಿ, ಪುನರ್ವಸು ಮಳೆ ಒಂದೇ ಸಮನೆ ಹೊಯ್ಯುತ್ತಿದ್ದಾಗ, ನಾನು ಬೆಂಗಳೂರಿನಿಂದ ಹೊಸನಗರ ತಾಲ್ಲೂಕಿನ ನಮ್ಮ ಮನೆಗೆ ಹೋಗಿದ್ದೆ. ಶಾಲೆಗಳಿಗೆ ಮಳೆ ರಜೆ ಕೊಟ್ಟಿದ್ದರಿಂದ ಅಕ್ಕನ ಮಗನೂ ಅಲ್ಲಿಯೇ ಇದ್ದ. ಹನ್ನೆರಡು ವರ್ಷದ ಅವನಿಗಾಗಿ ನಾನು ಬೇಸಿಗೆಯಲ್ಲಿ ಒಂದು ಕಾರ್ ರೇಸಿನ ಗೇಮ್ ಕೊಂಡಿದ್ದೆ. ಅದು ನನ್ನ ಲ್ಯಾಪ್‌ಟಾಪಿನಲ್ಲಿ ಇದ್ದುದರಿಂದ ನನಗಿಂತ ಹೆಚ್ಚಾಗಿ ಅದರ ದಾರಿಯನ್ನೇ ಅವನು ಕಾಯುತ್ತಿದ್ದ.

ನಾನು ಹೋದ ಮರುದಿನ ಬೆಳಿಗ್ಗೆ ಕರೆಂಟು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿದು ಮೊಬೈಲ್ ನೆಟ್‌ವರ್ಕ್ ಸತ್ತಿತು. ಮಲೆನಾಡಿನ ಮಳೆಗಾಲದಲ್ಲಿ ಇದು ಯಾರಿಗೂ ಹೊಸದಲ್ಲ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿತ್ತು, ಮನೆಯಲ್ಲಿ ಇನ್‌ವರ್ಟರ್ ಕೂಡ ಇತ್ತು, ಹಾಗಾಗಿ ಹುಡುಗ ಉತ್ಸಾಹದಿಂದ ಗೇಮ್ ತೆರೆದ. ಹೆಸರು ಮೂಡಿತು, ಸಂಗೀತ ಕೇಳಿಸಿತು, ಒಂದು ಚಕ್ರ ಸುಮಾರು ಹೊತ್ತು ತಿರುಗಿತು. ಕೊನೆಗೆ ಸರ್ವರ್ ಸಿಗುತ್ತಿಲ್ಲ, ಇಂಟರ್‌ನೆಟ್ ಪರೀಕ್ಷಿಸಿಕೊಳ್ಳಿ ಎಂಬ ಸಂದೇಶ ಬಂದು ಆಟ ಮುಚ್ಚಿಕೊಂಡಿತು. ನಾಲ್ಕು ಸಲ ಪ್ರಯತ್ನಿಸಿದ ಮೇಲೆ ಅವನು, "ಮಾವ, ನಾನು ಒಬ್ಬನೇ ಆಡೋದಲ್ವಾ? ಅದಕ್ಕೂ ನೆಟ್ ಯಾಕೆ ಬೇಕು?" ಎಂದು ಕೇಳಿದ.

ರಸ್ತೆಗಳು, ಕಾರುಗಳು, ಅವನೊಡನೆ ಸ್ಪರ್ಧಿಸುವ ಯಂತ್ರಚಾಲಿತ ಎದುರಾಳಿಗಳು, ಎಲ್ಲವೂ ಆ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನಲ್ಲಿಯೇ ಇವೆ. ಆದರೂ ತೆರೆಯುವಾಗ ಒಮ್ಮೆ, ಆಡುತ್ತಿರುವಷ್ಟು ಹೊತ್ತು ಮತ್ತೆ ಮತ್ತೆ, ಈ ಗೇಮ್ ತನ್ನ ಕಂಪನಿಯ ಸರ್ವರಿಗೆ ಖಾತೆಯ ಗುರುತು ಕಳಿಸಿ ಒಪ್ಪಿಗೆ ಪಡೆಯಬೇಕು. ಉತ್ತರ ಬಾರದಿದ್ದರೆ ನಿಂತುಬಿಡಬೇಕು. ಕಳ್ಳಪ್ರತಿಗಳನ್ನು ತಡೆಯುವುದಕ್ಕೆ ಈ ಏರ್ಪಾಡು ಎಂದು ನಾನು ಅವನಿಗೆ ವಿವರಿಸುತ್ತಿರುವಾಗ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ಮಳೆ ಹೊಳವಾಗುವುದನ್ನೇ ಕಾಯುತ್ತ ಜಗಲಿಯಲ್ಲಿ ಕುಳಿತಿದ್ದ ಅಪ್ಪಯ್ಯ, "ಪೂರ್ತಿ ದುಡ್ಡು ಕೊಟ್ಟಿದೀಯೇನೋ?" ಎಂದರು. ಕೊಟ್ಟಿದ್ದೇನೆ ಎಂದೆ. "ಮತ್ತೆ ದಿನಾ ಯಾರನ್ನ ಕೇಳೋದು?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಹುಡುಗನ ಮುಖ ನೋಡಲಾಗದೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಮೂರು ಕಿಲೋಮೀಟರ್ ಆಚೆ, ರಸ್ತೆ ಗುಡ್ಡದ ನೆತ್ತಿಗೆ ಏರುವ ತಿರುವಿನಲ್ಲಿ, ಬೇರೊಂದು ಟವರಿನ ಸಿಗ್ನಲ್ ಒಂದೋ ಎರಡೋ ಗೆರೆ ಸಿಗುತ್ತದೆ. ಊರಿನವರೆಲ್ಲ ಮಳೆಗಾಲದಲ್ಲಿ ಫೋನ್ ಮಾಡಲು ಬರುವುದು ಅಲ್ಲಿಗೆ. ಕಾರು ನಿಲ್ಲಿಸಿ, ಮೊಬೈಲನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಹಾಟ್‌ಸ್ಪಾಟ್ ಹಾಕಿದೆ. ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಹುಡುಗ ಗೇಮ್ ತೆರೆದ, ಅದು ತೆರೆದುಕೊಂಡಿತು. ಮೇ ತಿಂಗಳಲ್ಲಿ ಗೆಲ್ಲಲಾಗದೆ ಬಿಟ್ಟಿದ್ದ ದೀರ್ಘ ರೇಸನ್ನೇ ಅವನು ಆರಿಸಿಕೊಂಡ. ಸುಮಾರು ಇಪ್ಪತ್ತು ನಿಮಿಷ, ಕಾರಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ, ಅವನು ತುಟಿ ಕಚ್ಚಿಕೊಂಡು ಆಡಿದ. ಕೊನೆಯ ಸುತ್ತಿನಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದ. ಅಷ್ಟರಲ್ಲಿ ಮಳೆ ಇನ್ನೂ ಜೋರಾಗಿ ಸಿಗ್ನಲ್ ಹೋಯಿತು, ಪರದೆ ನಿಶ್ಚಲವಾಯಿತು, ಸಂಪರ್ಕ ಕಡಿದಿದೆ ಎಂಬ ಸಂದೇಶ ಬಂದಿತು. ಮತ್ತೆ ಸಿಗ್ನಲ್ ಬಂದಾಗ ಆ ರೇಸಿನ ಲೆಕ್ಕವೇ ಉಳಿದಿರಲಿಲ್ಲ. ಹುಡುಗ ಅಳಲಿಲ್ಲ, ಲ್ಯಾಪ್‌ಟಾಪ್ ಮಡಚಿ ನನ್ನ ಕೈಗೆ ಕೊಟ್ಟು, "ಮನೆಗೆ ಹೋಗೋಣ ಮಾವ" ಎಂದ. ಅವನು ಅತ್ತಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ನಮ್ಮ ಸಂಕಟ ಮಲೆನಾಡಿನ ಮೂಲೆಯದೇ ಎಂದು ತಳ್ಳಿಹಾಕುವಂತಿಲ್ಲ. 2010ರಲ್ಲಿ ಯೂಬಿಸಾಫ್ಟ್ ಕಂಪನಿ ಅಸ್ಸಾಸಿನ್ಸ್ ಕ್ರೀಡ್ 2 ಆಟದ ಪಿಸಿ ಆವೃತ್ತಿಗೆ ಇಂಥದೇ ಕಟ್ಟುಪಾಡು ಹಾಕಿದಾಗ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದರ ಸರ್ವರುಗಳ ಮೇಲೆ ದಾಳಿ ನಡೆದು, ಒಳ್ಳೆಯ ಇಂಟರ್‌ನೆಟ್ ಇದ್ದ ಯುರೋಪಿನ ಗ್ರಾಹಕರೂ ಆಡಲಾಗದೆ ಕುಳಿತರು. 2013ರ ಮಾರ್ಚಿನಲ್ಲಿ ಸಿಮ್‌ಸಿಟಿ ಬಿಡುಗಡೆಯಾದಾಗ ಸರ್ವರುಗಳು ಹೊರೆ ತಾಳಲಾರದೆ ಕುಸಿದವು. ಆ ಆಟ ಸರ್ವರ್ ಇಲ್ಲದೆ ನಡೆಯುವಂಥದಲ್ಲ ಎಂದು ತಯಾರಕರು ವಾದಿಸಿದರಾದರೂ, ಒಂದು ವರ್ಷದ ನಂತರ ಅವರೇ ಆಫ್‌ಲೈನ್ ಸೌಲಭ್ಯ ಕೊಟ್ಟರು. ಹಲವರು ಕೂಡಿ ಆಡುವ ಆಟಕ್ಕೆ ಸರ್ವರ್ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ತಯಾರಕರ ಶ್ರಮ ಕಳುವಾಗಬಾರದು ಎಂಬುದರಲ್ಲಿಯೂ ನನಗೆ ಸಂದೇಹವಿಲ್ಲ. ಆದರೆ ಬೀಗ ಮುರಿದ ಕಳ್ಳಪ್ರತಿಯನ್ನು ಆಡುವವನಿಗೆ ಈ ತೊಂದರೆ ಯಾವುದೂ ಇರುವುದಿಲ್ಲ, ಹಣ ಕೊಟ್ಟು ಕೊಂಡವನು ಮಾತ್ರ ಪ್ರತಿದಿನ ತಾನು ಕಳ್ಳನಲ್ಲವೆಂದು ರುಜುವಾತು ಪಡಿಸಬೇಕಾಗುತ್ತದೆ ಎಂಬುದನ್ನು ನಾನು ಯಾವ ಕಾರಣಕ್ಕೂ ನ್ಯಾಯವೆಂದು ಒಪ್ಪಲಾರೆ. ಆ ವಾರ ನಮ್ಮ ಪಕ್ಕದ ಮನೆಯ ಹುಡುಗ ಪೆನ್‌ಡ್ರೈವಿನಲ್ಲಿ ಯಾರಿಂದಲೋ ತಂದ ಗೇಮನ್ನು ನೆಟ್ ಇಲ್ಲದೆ ನೆಮ್ಮದಿಯಾಗಿ ಆಡುತ್ತಿದ್ದ. ಅದು ಅಕ್ಕನ ಮಗನಿಗೂ ಗೊತ್ತಿತ್ತು. ದುಡ್ಡು ಕೊಟ್ಟು ಕೊಳ್ಳಬೇಕೆಂದು ಅವನಿಗೆ ಕಲಿಸಿದವನು ನಾನು.

ಬೆಂಗಳೂರಿಗೆ ಮರಳಿದ ಮೇಲೆ ಗೇಮಿನ ಕಂಪನಿಗೆ ಪತ್ರ ಬರೆದು, ಒಬ್ಬರೇ ಆಡುವ ಭಾಗವನ್ನಾದರೂ ನೆಟ್ ಇಲ್ಲದೆ ತೆರೆಯಲು ಬಿಡಿ, ಇಲ್ಲವೇ ಹಣ ಮರಳಿಸಿ ಎಂದು ಕೇಳಿದೆ. ಇಂಟರ್‌ನೆಟ್ ಸರಿಯಿದೆಯೇ ನೋಡಿಕೊಳ್ಳಿ, ಮರುಪಾವತಿಯ ಅವಧಿ ಮೀರಿದೆ ಎಂಬ ಉತ್ತರ ಬಂದಿತು. ಆಗಲೇ ನಾನು ದ ಕ್ರೂ ಎಂಬ ರೇಸಿಂಗ್ ಆಟದ ವಿಷಯ ಓದಿದ್ದು. 2014ರಲ್ಲಿ ಬಂದ ಆ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ಮುಚ್ಚಿದಾಗ, ಒಬ್ಬರೇ ಆಡುವ ಭಾಗವೂ ಸೇರಿ ಇಡೀ ಆಟವೇ ಇಲ್ಲವಾಯಿತು. ಡಿಸ್ಕ್ ಕೊಂಡವರ ಕೈಯಲ್ಲಿ ಬರಿಯ ಪ್ಲಾಸ್ಟಿಕ್ ಉಳಿಯಿತು. ನಮ್ಮ ಊರಿಗೆ ನಾಲ್ಕು ದಿನ ಬಂದ ಕತ್ತಲೆ ಆ ಗ್ರಾಹಕರಿಗೆ ಶಾಶ್ವತವಾಗಿ ಬಂದಿತ್ತು. ಅದನ್ನು ವಿರೋಧಿಸಿ ರಾಸ್ ಸ್ಕಾಟ್ ಎಂಬವರು ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಭಿಯಾನ ಆರಂಭಿಸಿದರು. ಸರ್ವರುಗಳನ್ನು ಎಂದೆಂದಿಗೂ ನಡೆಸಿ ಎಂದು ಅವರು ಕೇಳಲಿಲ್ಲ. ಮುಚ್ಚುವಾಗ ಆಟವನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂದಷ್ಟೇ ಕೇಳಿದರು. ಯುರೋಪಿಯನ್ ಒಕ್ಕೂಟದ ಮುಂದಿಟ್ಟ ಅದರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಂದವು. ಅಲ್ಲಿನ ಪ್ರಜೆಗಳು ಮಾತ್ರ ಸಹಿ ಹಾಕಬಹುದಾದ ಮನವಿಯದು. ನನ್ನದೂ ಒಂದು ಸಹಿ ಸೇರಬೇಕಿತ್ತೆಂಬ ಆಸೆ ನನಗೆ ಇಂದಿಗೂ ಇದೆ.

ಅದೇ 2024ರ ದಸರಾ ರಜೆಗೆ ಊರಿಗೆ ಹೋಗುವ ಮುನ್ನ, ಯಾವ ಬೀಗವೂ ಇಲ್ಲದೆ ಗೇಮ್ ಮಾರುವ ಪೋಲೆಂಡಿನ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಿಂದ ಒಂದು ಹಳೆಯ ಗೇಮ್ ಕೊಂಡೆ. ಅದರ ಇನ್‌ಸ್ಟಾಲರನ್ನು ಪೆನ್‌ಡ್ರೈವಿಗೆ ಹಾಕಿ, ವೈಫೈ ತೆಗೆದು, ಎರಡು ಸಲ ಆಡಿಸಿ ನೋಡಿದ ಮೇಲೆಯೇ ಚೀಲಕ್ಕೆ ಸೇರಿಸಿದೆ. ಊರಿನಲ್ಲಿ ಹುಡುಗ ಮೊದಲು ಮಾಡಿದ ಕೆಲಸವೆಂದರೆ ನನ್ನ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ಗೇಮ್ ತೆರೆದದ್ದು. ಅದು ತೆರೆದುಕೊಂಡಿತು. ಆ ಪೆನ್‌ಡ್ರೈವಿಗೆ ಅವನು ಬಿಳಿ ಚೀಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ "ನಮ್ಮದು" ಎಂದು ಬರೆದು, ತನ್ನ ಕಂಪಾಸು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ.